ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪೀಟರ್‌ಹೆಡ್ಡಿನ ಬಂದರಿಗೆ ಬೆನ್ನು ಹಾಕಿ ನಿಂತ
ಈ ಸಭಾಂಗಣದ ಬೀಗದ ಕೈ ನನ್ನದು.
ಮಂಗಳವಾರ ಏಳಕ್ಕೆ ತೆರೆಯುತ್ತೇನೆ,
ಹೀಟರಿನ ಬಾಯಿಗೆ ನಾಣ್ಯ ಹಾಕುತ್ತೇನೆ,
ಹಿಂದೊಂದು ಕುರ್ಚಿ ಎಳೆದು ಕೂರುತ್ತೇನೆ.
ಕೂರಲೇಬೇಕೆಂದೇನಿಲ್ಲ; ಮನೆಯಲ್ಲಿ ಇನ್ನೂ ಚಳಿ.

ಮೀನಿನ ಕಾರ್ಖಾನೆಯಿಂದ ಬರುತ್ತಾರೆ ಅವರು.
ನಿಂಬೆ ಉಜ್ಜಿ ತೊಳೆದರೂ
ಬೆರಳ ಸಂದಿಯ ಹ್ಯಾಡಕ್ ಹೋಗಿರುವುದಿಲ್ಲ.
ಲಿಥುವೇನಿಯಾದ ವೈದೋತಾಸ್, ತಿಮೋರಿನ ದೊಮಿಂಗಾಸ್,
ಎರಿಟ್ರಿಯಾದ ಲೆತೆಬ್ರಹನ್,
ಕೋಟು ಬಿಚ್ಚದೆ, ಬಾಗಿಲ ಹತ್ತಿರ.

ಪಾಠ ಹೇಳುವ ಎಲ್ಸ್‌ಪೆತ್ ಬುಕನ್
ಮೂವತ್ತು ವರ್ಷ ಮೀನು ಹರಾಜಿನ ಲೆಕ್ಕ ಬರೆದವಳು.
ಚೀಲದಿಂದ ಒಂದೊಂದೇ ತೆಗೆದು ಮೇಜಿಗಿಟ್ಟಳು:
ಕಪ್, ಹಗ್ಗ, ಮೊಟ್ಟೆ, ಉಪ್ಪಿನ ಡಬ್ಬಿ.
"ಮುಟ್ಟಿ. ಹೆಸರು ಹೇಳಿ. ಹೇಳಿದಿರಲ್ಲ, ಅದೇ ನಾಮಪದ."

ಇಷ್ಟೇನಾ ಅನ್ನಿಸಿತು ನನಗೆ.
ನಮ್ಮ ಕಡೆ ಹುಡುಗ ಅಂದರೆ ಲೂನ್, ಹುಡುಗಿ ಅಂದರೆ ಕ್ವೈನ್;
ಆ ಎರಡು ನಾಮಪದಕ್ಕಾಗಿ ಶಾಲೆಯಲ್ಲಿ
ತೊಗಲಿನ ಪಟ್ಟಿಯ ಏಟು ತಿಂದಿದ್ದೇನೆ, ಅಂಗೈ ಮೇಲೆ,
ಎಣಿಸಿ ಆರು.

ಎಣಿಕೆಯೇ ಇವತ್ತಿನ ಪಾಠ.
ಮೊಟ್ಟೆ ಎಣಿಸಬಹುದು, ಉಪ್ಪು ಆಗದು.
ಕುರ್ಚಿ ಎಣಿಸಬಹುದು, ಫರ್ನಿಚರ್ ಆಗದು.
"ಶನಿವಾರ ಮೂರನೇ ಮಹಡಿಗೆ ಹೊತ್ತವನು ನಾನು.
ಸೋಫಾ ಒಂದು, ಮಂಚ ಎರಡು, ಬೀರು ಒಂದು,
ನನ್ನ ಸೊಂಟ ಎಣಿಸಿದೆಯಲ್ಲ!" ಅಂದ ವೈದೋತಾಸ್.
"ಸೊಂಟ ಎಣಿಸಲಿ, ನೀನು ಎಸ್ ಹಚ್ಚಬೇಡ."

ಪೌಂಡು ಎಣಿಕೆಗೆ ಸಿಗುತ್ತದೆ, ಪೆನ್ನಿ ಸಿಗುತ್ತದೆ,
ಮನಿ ಸಿಗುವುದಿಲ್ಲ.
ಇದಕ್ಕೆ ಮಾತ್ರ ಯಾರೂ ವಾದ ಹೂಡಲಿಲ್ಲ,
ಶುಕ್ರವಾರದ ಸಂಬಳ ನೆನೆದು ನಕ್ಕರು.
ನ್ಯೂಸ್‌ಗೆ ಬಾಲದಲ್ಲಿ ಎಸ್ ಉಂಟು, ಆದರೂ ಏಕವಚನ.
"ನನ್ನ ಫೋನಿಗೆ ಒಂದೇ ಒಂದು ಬಂದದ್ದು ಯಾವಾಗ?"
ದೊಮಿಂಗಾಸ್ ತನ್ನನ್ನೇ ಕೇಳಿಕೊಂಡಳು.
ಫಿಶ್ ಒಂದಾದರೂ ಫಿಶ್, ನೂರು ಪೆಟ್ಟಿಗೆಯಾದರೂ ಫಿಶ್.
ಎಂಟು ಗಂಟೆ ನಿಂತು ಕೊಯ್ದರೂ
ಪಾಪ, ಬಹುವಚನದ ಮರ್ಯಾದೆಯಿಲ್ಲ.

ಕ್ರೂ ಅಂದರೆ? ದೋಣಿಯ ಎಂಟು ಜನ, ಪದ ಒಂದೇ.
ಒಟ್ಟಿಗೆ ಬಲೆ ಎಳೆಯುವಾಗ ಏಕವಚನ,
ಜಗಳಾಡುವಾಗ ಬಹುವಚನ.
ಮುಳುಗುವಾಗ ಯಾವುದೆಂದು ಅವಳು ಹೇಳಲಿಲ್ಲ.

ಬ್ಯಾಗು ಎಣಿಸಬಹುದು, ಲಗೇಜ್ ಆಗದು.
ಆಗ ಬಾಗಿಲ ಹತ್ತಿರದಿಂದ, ಮೊದಲ ಸಲ:
"ನಾನು ಬಂದಾಗ ಲಗೇಜ್ ಇರಲಿಲ್ಲ. ಸರಿಯಾ?"
ಎಲ್ಸ್‌ಪೆತ್ ಕನ್ನಡಕ ತೆಗೆದಳು. "ಸರಿ. ವಾಕ್ಯ ಸರಿಯಾಗಿದೆ."
"ಬ್ರದರ್ ಎಣಿಸಬಹುದಾ?"
"ಎಣಿಸಬಹುದು. ಎಸ್ ಹಚ್ಚು."
"ಮೂವರು. ಒಬ್ಬ ಸಮುದ್ರದಲ್ಲಿ ಹೋದ.
ಈಗ ಆ ಒಬ್ಬನ ಪದಕ್ಕೆ ಏನು ಹಚ್ಚಲಿ?"

ಹೀಟರು ಟಕ್ ಎಂದು ಆರಿತು. ನಾನು ಏಳಲಿಲ್ಲ.
ಬಂದ ದೋಣಿ, ಬಾರದ ದೋಣಿ
ಒಂದೇ ಪುಸ್ತಕದಲ್ಲಿ ಬರೆದಿಟ್ಟವಳು
ಸ್ವಲ್ಪ ಹೊತ್ತು ಉಪ್ಪಿನ ಡಬ್ಬಿ ತಿರುಗಿಸಿದಳು.
(ಬಾರದವುಗಳಲ್ಲಿ ಒಂದರ ಹೆಸರು ನನಗೂ ಗೊತ್ತು.)
"ಏನೂ ಹಚ್ಚಬೇಡ," ಅಂದಳು.
"ಕಾಲ ತಗಲುವುದು ಕ್ರಿಯಾಪದಕ್ಕೆ.
ಇದ್ದಾನೆ ಅನ್ನುವುದು ಇದ್ದ ಆಗುತ್ತದೆ.
ಬ್ರದರ್, ಬ್ರದರ್ ಆಗಿಯೇ ಉಳಿಯುತ್ತಾನೆ."

ಲೆತೆಬ್ರಹನ್ ಬರೆದುಕೊಂಡಳು. ಕೆಳಗೊಂದು ಹೆಸರು ಕೂಡ,
ಊರಿಗೆ, ನದಿಗೆ, ಮನುಷ್ಯನಿಗೆ ಸಲ್ಲುವ
ಆ ದೊಡ್ಡಕ್ಷರದಿಂದ ಶುರುಮಾಡಿ.
ಏನೆಂದು ನನಗೆ ಕಾಣಲಿಲ್ಲ.
ಬರೆದು ಮುಗಿಸಿ ಮತ್ತೆ ಕೇಳಿದಳು: "ದುಃಖ?"
ಅದು ಉಪ್ಪಿನ ಜಾತಿ, ಅಂದಳು ಎಲ್ಸ್‌ಪೆತ್,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಒಂಬತ್ತಕ್ಕೆ ಎಲ್ಲ ಹೋದರು.
ಕುರ್ಚಿ ಹನ್ನೊಂದು, ಎತ್ತಿಟ್ಟೆ. ಕಪ್ ನಾಲ್ಕು, ತೊಳೆದೆ.
ಹಲಗೆಯ ಮೂಲೆಯಲ್ಲಿ ಬರೆದಿತ್ತು:
ಮುಂದಿನ ವಾರ ಕ್ರಿಯಾಪದ.
ಹಲಗೆ ಒರೆಸುವುದು ನನ್ನ ಕೆಲಸ.
ಒರೆಸಿದೆ: ಫರ್ನಿಚರ್, ಮನಿ, ಫಿಶ್, ಲಗೇಜ್.
ಬ್ರದರ್ ಮೇಲೆ ಬಟ್ಟೆ ಆಡಲಿಲ್ಲ.
ಒಂದು ವಾರ ಇರಲಿ ಎಂದು
ಬೀಗ ಹಾಕಿದೆ.